ಕೆಸರಿಗೆ ಕ್ಯಾಮೆರಾ ಹಿಡಿದ ಭಾನುವಾರಗಳು

ಮಳೆಗಾಲದ ಭಾನುವಾರಗಳಲ್ಲಿ ನನಗೆ ಏನಾದರೊಂದು ಆಗದೇ ಇದ್ದದ್ದೇ ಇಲ್ಲ. ತಪ್ಪು ಮಳೆಯದಲ್ಲ, ನಮ್ಮ ಓನರದು. ಪೀಣ್ಯದಲ್ಲಿ ಅವರದೊಂದು ಲೇಥ್ ವರ್ಕ್‌ಶಾಪ್ ಇದೆ. ನಾನು ಅಲ್ಲಿ ತಯಾರಾದ ಪಾರ್ಟ್‌ಗಳನ್ನು ಅಳೆದು ನೋಡುವವಳು; ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ರಿಜೆಕ್ಟ್ ಡಬ್ಬಕ್ಕೆ ಹಾಕುತ್ತೇನೆ. ವಾರವಿಡೀ ನೆಲದ ಮೇಲೆ ಒಂದು ತೊಟ್ಟು ಎಣ್ಣೆ ಬಿದ್ದರೂ ಸಹಿಸದ ಈ ಓನರ್, ಭಾನುವಾರ ಮಳೆ ಹಿಡಿಯಿತೆಂದರೆ ಜೀಪ್ ತೆಗೆದುಕೊಂಡು ಕೆಸರು ಹುಡುಕಿಕೊಂಡು ಹೊರಡುತ್ತಾರೆ. ಜೊತೆಗೆ ಅವರಂಥವರೇ ಐದಾರು ಜನ, ಐದಾರು ಜೀಪು. ಹಳ್ಳ, ದಿಣ್ಣೆ, ಕೆರೆಯಂಚು, ಗಾಡಿ ಎಲ್ಲಿ ಹೋಗಬಾರದೋ ಅಲ್ಲಿಗೇ ಹೋಗಬೇಕು.

ಒಂದು ಸಲ ಆಯುಧಪೂಜೆಯ ದಿನ ನಾನು ತೆಗೆದ ಫೋಟೊಗಳು ಅವರಿಗೆ ಹಿಡಿಸಿಬಿಟ್ಟವು. ನನ್ನ ಭಾನುವಾರಗಳು ಅವತ್ತೇ ಮುಗಿದವು.

ರೆಕ್ಕೆ ಏಳಬೇಕು

ಮೊದಲನೇ ಸಲ ಹೋದದ್ದು ಸರ್ಜಾಪುರದ ಆಚೆ. ಓನರ್ ಮೊಬೈಲಿನಲ್ಲಿ ಯಾವುದೋ ದೇಶದ ಜೀಪಿನ ಫೋಟೊ ತೋರಿಸಿದರು.

"ನೋಡಮ್ಮ, ನನಗೂ ಹಿಂಗೇ ಬೇಕು. ಕೆಸರು ಎರಡೂ ಕಡೆ ರೆಕ್ಕೆ ಥರ ಏಳ್ಬೇಕು. ಮಧ್ಯದಲ್ಲಿ ನನ್ನ ಮುಖ ಕಾಣ್ಬೇಕು."

"ಆಯ್ತು ಸಾರ್, ಸ್ವಲ್ಪ ನಿಧಾನಕ್ಕೆ ಬನ್ನಿ."

"ನಿಧಾನಕ್ಕೆ ಬಂದ್ರೆ ರೆಕ್ಕೆ ಏಳಲ್ಲ."

ಕ್ಯಾಮೆರಾಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಛತ್ರಿಯನ್ನು ಕುತ್ತಿಗೆಗೂ ಭುಜಕ್ಕೂ ಮಧ್ಯೆ ಸಿಕ್ಕಿಸಿಕೊಂಡು ಗುಂಡಿಯ ಪಕ್ಕ ನಿಂತೆ. ಓನರ್ ಬಂದರು. ರೆಕ್ಕೆ ಎದ್ದಿತು. ಎಡಗಡೆಯ ರೆಕ್ಕೆ ಹೊಲದ ಮೇಲೆ ಬಿತ್ತು, ಬಲಗಡೆಯದು ನನ್ನ ಮೇಲೆ. ಗಾಬರಿಯಲ್ಲಿ ಬಟನ್ನಿನ ಮೇಲಿಂದ ಬೆರಳು ತೆಗೆಯಲೇ ಇಲ್ಲ.

ಬಾಯಲ್ಲಿದ್ದ ಮಣ್ಣು ಉಗಿದು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಓನರ್ ಫೋಟೊ ನೋಡಲು ಓಡಿಬಂದಿದ್ದರು. ಮೊದಲನೆಯದು ಪೂರ್ತಿ ಕಂದು ಬಣ್ಣ. ಎರಡನೆಯದು ಕಂದು. ಹೀಗೇ ಎಂಟು.

"ನಾನೆಲ್ಲಿದೀನಮ್ಮ?"

"ಇದರ ಹಿಂದೆ ಇದೀರ ಸಾರ್."

ಅವರು ಎಂಟನ್ನೂ ಮತ್ತೆ ನಿಧಾನವಾಗಿ ನೋಡಿ, "ಮೂರನೇದು ಪರವಾಗಿಲ್ಲ, ಗ್ರೂಪಿಗೆ ಹಾಕು" ಅಂದರು. ಹಾಕಿದೆ. ಅವತ್ತು ಬಾರದೆ ಮನೆಯಲ್ಲಿದ್ದ ಸ್ನೇಹಿತರೊಬ್ಬರು ತಕ್ಷಣ ಉತ್ತರ ಬರೆದರು: "ಕಾಫಿ ಸಕ್ಕತ್ತಾಗಿ ಕಾಣ್ತಿದೆ ಗುರು, ಯಾವ ಹೋಟೆಲು?"

ದಾರಿ ಬಿಟ್ಟವರು

ಇನ್ನೊಂದು ಭಾನುವಾರ ಒಂದು ಹಳ್ಳಿಯ ಹೊರಗೆ ಮೂರು ಜೀಪ್ ಒಟ್ಟಿಗೆ ಹೂತವು. ಮೊದಲನೆಯದನ್ನು ಎಳೆಯಲು ಹೋಗಿ ಎರಡನೆಯದು, ಎರಡನ್ನೂ ಎಳೆಯಲು ಹೋಗಿ ಮೂರನೆಯದು. ಜಡಿಮಳೆ ಬೇರೆ. ಗಂಡಸರೆಲ್ಲ ಮೊಣಕಾಲುದ್ದ ಕೆಸರಲ್ಲಿ ನಿಂತು ಚರ್ಚೆ ಮಾಡುತ್ತಿದ್ದರು. ನಾನು ಒಂದು ಹುಣಸೆಮರದ ಕೆಳಗಿಂದ ಫೋಟೊ ತೆಗೆಯುತ್ತಿದ್ದೆ.

ಆಗ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಹಸು ಹಿಡಿದುಕೊಂಡು ಒಬ್ಬ ಅಜ್ಜಿ ಬಂದು ನನ್ನ ಪಕ್ಕ ನಿಂತರು. ಹೂತ ಮೂರು ಜೀಪನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಓನರನ್ನು ಕೂಗಿ ಕೇಳಿದರು.

"ಏನಪ್ಪಾ, ದಾರಿ ತಪ್ಪೋಯ್ತಾ? ಟಾರ್ ರೋಡು ಆ ಕಡೆಗೈತೆ."

"ಗೊತ್ತು ಅಜ್ಜಿ. ರೋಡ್ ಬೇಡ ಅಂತಾನೇ ಇಲ್ಲಿಗೆ ಬಂದ್ವಿ."

"ಬ್ಯಾಡ್ವಾ?"

"ರೋಡಲ್ಲಿ ಯಾರು ಬೇಕಾದ್ರೂ ಓಡಿಸ್ತಾರೆ ಅಜ್ಜಿ. ರೋಡ್ ಇಲ್ದೆ ಇರೋ ಕಡೆ ಓಡಿಸೋದ್ರಲ್ಲೇ ಮಜಾ ಇರೋದು."

ಅಜ್ಜಿ ಹಸುವಿನ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ಯೋಚಿಸಿದರು. ಆಮೇಲೆ ನನ್ನ ಕಡೆ ತಿರುಗಿ, ತುಂಬಾ ಗಂಭೀರವಾಗಿ ಅಂದರು: "ನಮ್ಮನೆ ತಾವ್ಕೆ ಒಂದು ರೋಡ್ ಮಾಡ್ಕೊಡಿ ಅಂತ ಇಪ್ಪತ್ ವರ್ಸದಿಂದ ಅರ್ಜಿ ಕೊಡ್ತಾ ಇವ್ನಿ ಕಣವ್ವ. ಯಾಕ್ ಮಾಡ್ಲಿಲ್ಲ ಅಂತ ಈಗ ಗೊತ್ತಾಯ್ತು. ಇವರಿಗೆ ಅಂತ ಉಳಿಸವ್ರೆ."

ಬಿಳಿ ಅಂಗಿ

ಗುಂಪಿನಲ್ಲಿ ಒಬ್ಬರು ಬ್ಯಾಂಕ್ ಮ್ಯಾನೇಜರ್ ಇದ್ದಾರೆ. ಹಾವೇರಿ ಕಡೆಯವರು, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಮನೆ. ಒಂದು ಭಾನುವಾರ ಮಧ್ಯಾಹ್ನ ಅವರ ಹೆಂಡತಿಯ ತಮ್ಮನ ಮಗುವಿಗೆ ನಾಮಕರಣ. ಅದಕ್ಕೆಂದು ತೆಗೆದಿಟ್ಟ ಹೊಸ ಬಿಳಿ ಅಂಗಿಯನ್ನು ಬೆಳಿಗ್ಗೆಯೇ ಹಾಕಿಕೊಂಡು, "ಬರೇ ನಿಂತು ನೋಡ್ತೀನಿ, ಅಲ್ಲಿಂದ ಸೀದಾ ನಾಮಕರಣಕ್ಕೆ ಹೋಗ್ತೀನಿ" ಅಂತ ಮನೆಯಲ್ಲಿ ಹೇಳಿ ಬಂದಿದ್ದರು.

ಹತ್ತು ನಿಮಿಷ ನಿಂತು ನೋಡಿದರು. ಹನ್ನೊಂದನೇ ನಿಮಿಷಕ್ಕೆ, ಸಿಕ್ಕಿಕೊಂಡ ಜೀಪೊಂದರ ಹಿಂದೆ ನಿಂತು ತಳ್ಳುತ್ತಿದ್ದರು. ಚಕ್ರ ಗಿರ್ರನೆ ತಿರುಗಿತು. ಅಂಗಿಯ ಬಣ್ಣ ಏನಿತ್ತು ಅಂತ ಆಮೇಲೆ ಬಂದವರಿಗೆ ಹೇಳಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಮನೆಯಿಂದ ಮೆಸೇಜ್ ಬಂತು: ಅಂಗಿ ಹೆಂಗ ಕಾಣಸ್ತದ, ಫೋಟೊ ಕಳಸ್ರಿ. ಮ್ಯಾನೇಜರ್ ಸಪ್ಪೆ ಮುಖ ಮಾಡಿಕೊಂಡು ನನ್ನ ಹತ್ತಿರ ಬಂದರು.

"ಮೇಡಂ, ನಿಮ್ಮ ಕಂಪ್ಯೂಟರಿನಾಗ ಅಂಗಿ ಒಂದಿಷ್ಟು ತೊಳದು ಕೊಡ್ಲಿಕ್ಕೆ ಆಗ್ತದೇನ್ರಿ?"

ನನಗೆ ಪಾಪ ಅನ್ನಿಸಿತು. ಅವರದೊಂದು ಫೋಟೊ ತೆಗೆದು, ಜೀಪಿನೊಳಗೆ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಅರ್ಧ ಗಂಟೆ ಕೂತು ಅಂಗಿಯನ್ನು ಬೆಳ್ಳಗೆ ಮಾಡಿದೆ. ಅವರು ಕಳಿಸಿದರು. ಆಮೇಲೆ ಫೋಟೊದಲ್ಲಿ ಅಷ್ಟು ಬೆಳ್ಳಗಿದ್ದ ಅದೇ ಕೆಸರಂಗಿ ಹಾಕಿಕೊಂಡೇ ನಾಮಕರಣಕ್ಕೆ ಹೋಗಬೇಕಾಗುತ್ತದೆ ಅನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮರುದಿನ ಅವರ ಹೆಂಡತಿಯ ಫೋನ್ ಬಂತು. ದನಿ ತಣ್ಣಗಿತ್ತು.

"ಮೇಡಂ, ಫೋಟೊದಾಗ ನಮ್ಮನಿಯವರ ಅಂಗಿ ಹಾಲಿನಂಗ ಐತಿ. ನಾಮಕರಣಕ್ಕ ಬಂದಾಗ ಎಮ್ಮಿ ಬಣ್ಣ ಆಗಿತ್ತು. ಎರಡು ಸಲ ಒಗದೇನಿ, ಹೋಗವಲ್ದು. ನೀವು ಯಾವ ಸೋಪ್ ಹಚ್ಚಿದ್ರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅದು ಸೋಪ್ ಅಲ್ಲ ಅಕ್ಕ, ಸಾಫ್ಟ್‌ವೇರು."

"ಹೌದ್ರಿ? ಹಂಗಾರ ಮುಂದಿನ ವಾರ ಅಂಗಿ ಇರ್ಲಿ, ಅದನ್ನ ಒಂದಿಷ್ಟು ಅವರಿಗೇ ಹಚ್ಚಿ ಕಳಸ್ರಿ."

ಮದುಮಗಳು

ಎಲ್ಲಕ್ಕಿಂತ ದೊಡ್ಡದು ಆದದ್ದು ಆನೇಕಲ್ ಆಚೆಯ ಒಂದು ಕೆರೆಯ ಹತ್ತಿರ. ತುಂತುರು ಮಳೆ. ನಾವು ಹೋಗುವಷ್ಟರಲ್ಲಿ ಅಲ್ಲೊಂದು ಜೋಡಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುತ್ತಿತ್ತು. ಹುಡುಗಿಗೆ ನೆಲದ ಮೇಲೆ ಎಳೆದಾಡುವ ಗುಲಾಬಿ ಗೌನು, ಕೈಯಲ್ಲಿ ಹೂಗುಚ್ಛ. ಹುಡುಗ ಕೆನೆಬಣ್ಣದ ಸೂಟಿನಲ್ಲಿ.

ನೋಡುವವರು ಸಿಕ್ಕರೆ ನಮ್ಮ ಓನರ್ ಸುಮ್ಮನಿರುವುದುಂಟೇ? ಕೆರೆ ಏರಿಯ ಇಳಿಜಾರಿನಲ್ಲೇ ಜೀಪನ್ನು ಓರೆಯಾಗಿ ಓಡಿಸಿಕೊಂಡು ಹೊರಟರು. ಅರ್ಧ ದಾರಿಯಲ್ಲಿ ನೆನೆದ ಮಣ್ಣು ಜಾರಿತು. ಜೀಪ್ ನೀರಿನ ಕಡೆಗೆ ವಾಲಿತು, ಮೇಲುಗಡೆಯ ಮುಂದಿನ ಚಕ್ರ ಗಾಳಿಯಲ್ಲಿ ನಿಂತಿತು. ಓನರ್ ಸ್ಟೇರಿಂಗ್ ತಬ್ಬಿಕೊಂಡು ಕಲ್ಲಿನಂತೆ ಕೂತಿದ್ದರು. ಅಲ್ಲಾಡಿದರೆ ಕೆರೆಗೇ.

ಯಾರೂ ನಗಲಿಲ್ಲ. ನಾನು ಕ್ಯಾಮೆರಾ ಕೆಳಗಿಳಿಸಿದೆ. ಗಂಡಸರೆಲ್ಲ ಒಟ್ಟಿಗೆ ಕೂಗತೊಡಗಿದರು. ಒಬ್ಬರು ಬಲಕ್ಕೆ ತಿರುಗಿಸಿ ಅಂದರೆ ಇನ್ನೊಬ್ಬರು ಎಡಕ್ಕೆ, ಮ್ಯಾನೇಜರ್ "ದೇವರ ಹೆಸರು ಹೇಳ್ರಿ" ಅಂತ.

ಆ ಹುಡುಗಿ ಹೂಗುಚ್ಛವನ್ನು ಹುಡುಗನ ಕೈಗೆ ಕೊಟ್ಟು, ಗೌನನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಏರಿ ಇಳಿದು ಬಂದಳು.

"ಎಲ್ಲಾ ಸುಮ್ನಿರಿ. ಒಬ್ಬರೇ ಮಾತಾಡೋಣ. ನಾನು ಮಾತಾಡ್ತೀನಿ."

ಓನರ್ ಕತ್ತು ತಿರುಗಿಸದೆ ಕೇಳಿದರು, "ನೀನ್ಯಾರಮ್ಮ?"

"ನಮ್ಮಪ್ಪಂದು ಹೊಸೂರು ರೋಡಲ್ಲಿ ಕ್ರೇನ್ ಐತೆ ಸಾರ್. ಲಾರಿ ಬಿದ್ರೆ ಎತ್ತೋರು ನಾವೇ. ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೀರಿ. ಉಸಿರಾಡ್ಬಹುದು."

ಏರಿಯ ಮೇಲೆ ಎರಡು ಜೀಪ್ ನಿಲ್ಲಿಸಿ, ಎರಡು ಹಗ್ಗ ಇಳಿಸಿ, ಎಲ್ಲಿ ಕಟ್ಟಬೇಕೋ ಅಲ್ಲಿ ತಾನೇ ಕಟ್ಟಿದಳು. ಹಗ್ಗ ಬಿಗಿಯಾದ ಮೇಲೆ ಓನರನ್ನು ಮೇಲುಗಡೆಯ ಬಾಗಿಲಿಂದ ಇಳಿಸಿದಳು. ಅವರ ಕಾಲು ನೆಲಕ್ಕೆ ಮುಟ್ಟಿದಾಗ ನನಗೆ ಅಳು ಬಂತು, ಸಂಬಳ ಕೊಡುವವರು ಅಂತ ಅಲ್ಲ. ಏರಿಯ ಮೇಲಿದ್ದ ಎರಡು ಜೀಪಿನವರು ಹಗ್ಗ ಎಳೆದು ಜೀಪನ್ನು ಸಮತಟ್ಟಿಗೆ ತಂದರು. ಆದರೆ ಅಲ್ಲೂ ಕೆಸರು, ಚಕ್ರ ಸುಮ್ಮನೆ ತಿರುಗುತ್ತಿತ್ತು. ಹುಡುಗಿ ಸ್ಟೇರಿಂಗಿಗೆ ಹತ್ತಿ ಕೂತು ಹಿಂದಕ್ಕೆ ನೋಡಿದಳು.

"ರೀ, ನೋಡ್ತಾ ನಿಂತಿದೀರಲ್ಲ. ತಳ್ಳಿ."

ಹುಡುಗ ಹೂಗುಚ್ಛವನ್ನು ಎಲ್ಲಿಡುವುದೆಂದು ತಿಳಿಯದೆ ಬಾಯಲ್ಲಿ ಕಚ್ಚಿಕೊಂಡು ತಳ್ಳಿದ. ಜೀಪ್ ಹೊರಟಿತು, ಅವನು ಮಂಡಿಯೂರಿ ಕೆಸರಿಗೆ ಬಿದ್ದ. ನಾನು ಬಟನ್ ಒತ್ತಿದೆ. ಅವರ ಫೋಟೊಗ್ರಾಫರ್ ಮಳೆಗೆ ಹೆದರಿ ಕಾರಿನೊಳಗೆ ಕೂತಿದ್ದರಿಂದ ಆ ಕ್ಷಣ ನನ್ನ ಕ್ಯಾಮೆರಾದಲ್ಲಿ ಮಾತ್ರ ಉಳಿಯಿತು.

ಅವರು ನಮ್ಮನ್ನೆಲ್ಲ ಮದುವೆಗೆ ಕರೆದರು. ಛತ್ರದ ಬಾಗಿಲಲ್ಲೇ ಆ ಫೋಟೊವನ್ನು ಆಳೆತ್ತರ ಮಾಡಿಸಿ ನಿಲ್ಲಿಸಿದ್ದರು: ಮದುಮಗಳು ಸ್ಟೇರಿಂಗ್ ಹಿಡಿದು ನಗುತ್ತಾ ಮುಂದೆ, ಮದುಮಗ ಬಾಯಲ್ಲಿ ಹೂವು ಕಚ್ಚಿಕೊಂಡು ಕೆಸರಲ್ಲಿ ಮಂಡಿಯೂರಿ ಹಿಂದೆ. ಅದರ ಮುಂದೆ ಮದುಮಗನ ತಾತ ಕೋಲೂರಿಕೊಂಡು ಬಹಳ ಹೊತ್ತು ನಿಂತಿದ್ದರು. ಬೇಜಾರಾಯಿತೇನೋ ಅಂತ ನಾನು ಹೆದರಿಕೊಂಡೇ ಹತ್ತಿರ ಹೋದೆ.

"ಫೋಟೊ ತೆಗ್ದಿದ್ದು ನೀನೇನವ್ವ?"

"ಹೌದು ತಾತ."

"ಚೆನ್ನಾಗೈತೆ. ಸ್ಟೇರಿಂಗ್ ಯಾರ ಕೈಲೈತೆ ಅಂತ ನಮಗೆಲ್ಲ ಮದುವೆಯಾಗಿ ಹತ್ ವರ್ಸಕ್ಕೆ ಗೊತ್ತಾಗಿದ್ದು. ನಮ್ ಉಡ್ಗ ಮೊದ್ಲೇ ಫೋಟೊ ತೆಗೆಸ್ಕೊಂಡವ್ನೆ."