ಮೇಷ್ಟ್ರ ಕಿಟಕಿಯ ಮುಟ್ಟಿದರೆ ಮುನಿ

ಪಾಂಡವಪುರದ ಬಾಡಿಗೆ ಮನೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಮಹದೇವಸ್ವಾಮಿ ಮುಟ್ಟಿದರೆ ಮುನಿ ಗಿಡ ಬೆಳೆಸಿದ್ದೇ ತಪ್ಪಾಯಿತು. ಗುಲಾಬಿಯಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇದು ಗದ್ದೆಯ ಬದುವಿನಲ್ಲಿ ಕಾಲಿಗೆ ಚುಚ್ಚಿ ಬೈಸಿಕೊಳ್ಳುವ ಕಳೆ. ಮೊದಲು ಅದನ್ನು ತಾರಸಿಯ ಮೇಲಿಟ್ಟಿದ್ದರು. ಮೆಣಸಿನಕಾಯಿ ಒಣಹಾಕಲು ಹೋದ ಮನೆ ಒಡತಿ ಪುಟ್ಟಗೌರಮ್ಮ ಬೇರುಸಹಿತ ಕಿತ್ತೆಸೆದು ಬಂದಿದ್ದಳು. ಕ್ಯಾತನಹಳ್ಳಿಯ ಭತ್ತದ ಗದ್ದೆಗಳಲ್ಲಿ ಕಳೆ ತೆಗೆದು ಪಳಗಿದ ಕೈ. ಅದು ತಲೆಯ ಅಪ್ಪಣೆಗೆ ಕಾಯುತ್ತಿರಲಿಲ್ಲ. ಮೇಷ್ಟ್ರು ಮತ್ತೆ ಬೀಜ ಹಾಕಿ, ಈ ಸಲ ಕುಂಡವನ್ನು ನಡುಮನೆಯ ಕಿಟಕಿಯಲ್ಲಿಟ್ಟುಕೊಂಡರು.

ಆ ಭಾನುವಾರ ಮೊದಲ ಮೊಗ್ಗು ಬಣ್ಣಕ್ಕೆ ತಿರುಗಿತ್ತು. ನಾಳೆ ಅರಳುವುದು ಖಂಡಿತ. ಅಷ್ಟರಲ್ಲಿ ಸೋರುವ ನಲ್ಲಿ ನೋಡಲು ಬಂದ ಮನೆ ಒಡೆಯ ಕೆಂಪಣ್ಣನ ಕಣ್ಣಿಗೆ ಗಿಡ ಬಿತ್ತು.

"ಇದೇನ್ ಮೇಷ್ಟ್ರೇ, ಮನೆ ಒಳಕ್ಕೆ ಮುಳ್ಳು ತಂದ್ ಮಡೀಕಂಡಿದ್ದೀರಿ? ಗಂಡ ಎಂಡ್ರಿಗೆ ಜಗಳ ಬತ್ತದೆ!"

"ಗಿಡಕ್ಕೂ ಜಗಳಕ್ಕೂ ಏನಣ್ಣ ಸಂಬಂಧ?"

"ಆಗ್ಲೇ ಬಂದೈತೆ ಬುಡಣ್ಣ," ಎಂದಳು ಅಡುಗೆಮನೆಯಿಂದ ಹೆಂಡತಿ ರಂಜಿತ.

"ಸಂಜೆ ಬತ್ತೀನಿ. ಅಷ್ಟೊತ್ಗೆ ಗಿಡ ಆಚೆ ಇರ್ಬೇಕು. ಇಲ್ದಿದ್ರೆ ನೀವು ಆಚೆ ಇರ್ತೀರಿ."

"ಹೋದ್ರೆ ಇಬ್ರೂ ಒಟ್ಟಿಗೇ ಹೋಗ್ತೀವಿ, ನಾನೂ ಗಿಡಾನೂ."

"ನಾನು?" ಎಂದಳು ರಂಜಿತ. ಕೆಂಪಣ್ಣ ನಲ್ಲಿಯನ್ನೂ ಮರೆತು ಹೊರಟುಹೋದ.

ಯಾರಾದರೂ ಕಣ್ಣು ತಪ್ಪಿಸಿ ಕಿತ್ತುಬಿಟ್ಟಾರೆಂದು ಮೇಷ್ಟ್ರು ಕಿಟಕಿಯ ಪಕ್ಕ ಪರೀಕ್ಷೆಯ ಮೇಲ್ವಿಚಾರಕನಂತೆ ನಿಂತರು. ಮೊದಲು ಬಂದವಳು ಎದುರುಮನೆ ಕುಳ್ಳಮ್ಮ. ಗಿಡ ನೋಡಿದಳು, ಮೇಷ್ಟ್ರನ್ನು ನೋಡಿದಳು, ದನಿ ತಗ್ಗಿಸಿದಳು.

"ನಾಚ್ಕೋಬ್ಯಾಡಿ ಮೇಷ್ಟ್ರೇ. ಎಸ್ಟ್ ದಿನದಿಂದ ಐತೆ?"

"ಏನು?"

"ಅದೇ, ಮೂಲವ್ಯಾಧಿ. ಇದ್ರ ಬೇರು ಅದ್ಕೆ ತಾನೇ ಆಗ್ಬರೋದು. ಇನ್ಯಾತಕ್ಕೆ ಸಾಕ್ತಾರೆ ಇದ್ನ?"

"ಚೆಂದಕ್ಕೆ ಕಣಕ್ಕ! ಹೂ ನೋಡೋಕೆ!"

"ಆಯ್ತು ಬುಡಿ. ಕುಂತ್ಕಂಡಾದ್ರೂ ಮಾತಾಡಿ."

"ಬೇಡ, ನಾನು ನಿಂತೇ ಇರ್ತೀನಿ."

"ಅಯ್ಯೋ ಪಾಪ!" ಎಂದಳು ಕುಳ್ಳಮ್ಮ. ಬೀದಿಗೆ ಅಷ್ಟು ಪುರಾವೆ ಸಾಕಾಯಿತು.

ಮಧ್ಯಾಹ್ನದೊಳಗೆ ಮೇಷ್ಟ್ರ ಮನೆ ಆಸ್ಪತ್ರೆಯ ವಾರ್ಡಿನಂತಾಯಿತು. ಒಬ್ಬರು ಎಳನೀರು ತಂದರು, ಒಬ್ಬರು ಖಾರ ಬಿಡಿ ಎಂದರು. ಶಾಲೆಯ ಡ್ರಿಲ್ ಮೇಷ್ಟ್ರು ದಿಲೀಪ್ ನಾಗಮಂಗಲದಿಂದ ಬರುವಾಗ ಗಾಳಿ ತುಂಬಿದ ಟ್ಯೂಬನ್ನೇ ಬೈಕಿಗೆ ಕಟ್ಟಿಕೊಂಡು ಬಂದ.

"ಇದ್ರ ಮ್ಯಾಲೆ ಕುಂತ್ಕಳಿ ಸಾರ್. ನಮ್ ಮಾವ ಇದ್ರ ಮ್ಯಾಲೇ ಎಲೆಕ್ಷನ್ ಗೆದ್ದ."

"ನನಗೇನೂ ಆಗಿಲ್ಲ ಕಣ್ರೀ!"

"ನಮ್ ಮಾವಾನೂ ಇಂಗೇ ಅಂತಿದ್ದ ಸಾರ್."

ಬಂದವರೆಲ್ಲ ಹೋಗುವಾಗ ಗಿಡವನ್ನು ಒಮ್ಮೆ ಮುಟ್ಟುತ್ತಿದ್ದರು. ಎಲೆಗಳು ಮಡಚಿಕೊಳ್ಳುತ್ತಿದ್ದವು. "ಮುಟ್ಟಬೇಡಿ! ಅದಕ್ಕೆ ನಾಚಿಕೆಯಲ್ಲ. ಎಲೆಯ ಬುಡದ ಗಂಟಿನಿಂದ ನೀರು ಜಾರುತ್ತೆ. ಮತ್ತೆ ಬಿಚ್ಚಿಕೊಳ್ಳೋಕೆ ಗಿಡ ಶಕ್ತಿ ಖರ್ಚು ಮಾಡ್ಬೇಕು," ಎಂದು ಮೇಷ್ಟ್ರು ಪಾಠ ಮಾಡಿದರು.

"ನೋವಿದ್ರೂ ಎಸ್ಟ್ ಚೆನ್ನಾಗ್ ಯೋಳ್ತಾವ್ರೆ ನೋಡು," ಎಂದು ಜನ ಕರಗಿದರು.

ಸಂಜೆ ಕೆಂಪಣ್ಣ ಬಂದಾಗ ಅರ್ಧ ಬೀದಿ ನಡುಮನೆಯಲ್ಲಿತ್ತು.

"ಕಡೇ ಮಾತು ಮೇಷ್ಟ್ರೇ. ಔಸ್ದಿಗೆ ಅಂದ್ರೆ ಇರ್ಲಿ, ನಾನೇನ್ ಕಟುಕ ಅಲ್ಲ. ಸೋಕಿಗೆ ಅಂದ್ರೆ ಸಾಮಾನು ಕಟ್ಟಿ."

ಮೇಷ್ಟ್ರು ಮೊಗ್ಗಿನ ಕಡೆ ನೋಡಿದರು. ಒಂದು ರಾತ್ರಿ ಕಳೆದರೆ ಸಾಕು. ದಿನವಿಡೀ ಕಾಪಾಡಿಕೊಂಡ ಮಾನವನ್ನು ಅವರು ಒಮ್ಮೆಲೇ ಕೈಬಿಟ್ಟರು. ಎದೆಯೆತ್ತಿ ನಿಂತು, ವಿಧಾನಸೌಧದಲ್ಲಿ ಪ್ರಮಾಣ ಮಾಡುವವರಂತೆ ಕೂಗಿ ಹೇಳಿದರು:

"ಹೌದು! ನನಗೆ ಮೂಲವ್ಯಾಧಿ ಇದೆ! ಈ ಗಿಡ ಇಲ್ಲೇ ಇರುತ್ತೆ!"

ರಂಜಿತ ಹಣೆ ಚಚ್ಚಿಕೊಂಡಳು. ಕುಳ್ಳಮ್ಮ ಗೆದ್ದವಳಂತೆ ಸುತ್ತಲೂ ನೋಡಿದಳು. ಕೆಂಪಣ್ಣ ಮಾತ್ರ ಎಲ್ಲರನ್ನೂ ಆಚೆಗಟ್ಟಿ ಬಾಗಿಲು ಹಾಕಿದ. ತಿರುಗಿದಾಗ ಅವನ ಕಣ್ಣಲ್ಲಿ ನೀರಿತ್ತು.

"ಎಂಥಾ ಗಂಡ್ಸು ಮೇಷ್ಟ್ರೇ ನೀವು! ಬೀದಿ ಮುಂದೆ ಒಪ್ಕಂಡ್ಬುಟ್ರಲ್ಲ! ನಂಗೂ ಅದೇ ಕಣಾ. ಮೂರ್ ವರ್ಸದಿಂದ ಎಂಡ್ರಿಗೂ ಯೋಳಿಲ್ಲ. ಅವಮಾನ ಆಯ್ತದೆ ಅಂತ ಬೇರು ಹುಡುಕ್ಕಂಡೂ ಹೋಗಿಲ್ಲ."

"ಅಣ್ಣ, ಒಂದ್ನಿಮಿಷ..."

ಮೇಷ್ಟ್ರು ಕೈ ಚಾಚುವಷ್ಟರಲ್ಲಿ ಕೆಂಪಣ್ಣ ಗಿಡದ ಬುಡ ಹಿಡಿದು ಎಳೆದಾಗಿತ್ತು. ಬೇರಿನಿಂದ ಮಣ್ಣು ಉದುರಿತು.

"ತಂಗೀ, ಇದ್ನ ತೊಳ್ದು ಮಜ್ಜಿಗೇಲಿ ಅರೀಯವ್ವ. ಇಬ್ರಿಗೂ ಒಂದೊಂದ್ ಲೋಟ."

ರಂಜಿತ ಆ ದಿನ ಮೊದಲ ಬಾರಿಗೆ ನಕ್ಕಳು. ಮಿಕ್ಸಿ ಗುರ್ರೆಂದಿತು.

"ನಾಳೆಯಿಂದ ಮನೆ ತುಂಬ ಬೆಳ್ಕಳಿ ಮೇಷ್ಟ್ರೇ. ಯಾವನ್ ಕೇಳ್ತಾನೋ ನಾನೂ ನೋಡ್ತೀನಿ," ಎಂದು ಕೆಂಪಣ್ಣ ಲೋಟವನ್ನು ಅವರ ಕೈಗೆ ತುರುಕಿದ. ನೊರೆಯ ಮೇಲೆ ಮೊಗ್ಗಿನ ನಸುಗೆಂಪು ಎಳೆಗಳು ತೇಲುತ್ತಿದ್ದವು.

ಇಬ್ಬರೂ ಒಂದೇ ಗುಟುಕಿಗೆ ಕುಡಿದರು. ಕೆಂಪಣ್ಣನ ಮುಖ ಹಿಂಡಿದ ಬಟ್ಟೆಯಂತಾಯಿತು.

"ಥೂ! ಏನ್ ಕಹಿ ಮೇಷ್ಟ್ರೇ ಇದು!"

ಮೇಷ್ಟ್ರು ಮೀಸೆಗೆ ಅಂಟಿದ ಎಳೆಯನ್ನು ಬೆರಳಿನಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿದರು.

"ನಾನು ರುಚಿಗೆ ಬೆಳೆಸಿರಲಿಲ್ಲ ಕಣಣ್ಣ," ಎಂದರು.