ಮಾವನ ನೊಣದ ಡಬ್ಬಿ

ನಮ್ಮ ಸೋದರಮಾವ ಮನುಷ್ಯರ ಮುಖ ಮರೆಯುತ್ತಾರೆ, ನೊಣದ ಹಿಂಭಾಗ ಮರೆಯುವುದಿಲ್ಲ! ತಮ್ಮ ಮದುವೆಯಲ್ಲೇ ವಧುವನ್ನು ಬಿಟ್ಟು ಆಕೆಯ ತಂಗಿಯ ಪಕ್ಕ ಹೋಗಿ ಕುಳಿತಿದ್ದರಂತೆ. ನಾನು ಯಾದಗಿರಿಯಿಂದ ಮಾವನೂರು ಶಹಾಪುರಕ್ಕೆ ಹೋದಾಗಲೆಲ್ಲ ಬಾಗಿಲಲ್ಲಿ ಒಂದೇ ಪ್ರಶ್ನೆ: "ಯಾರ್ರಿ ತಾವು?" ನಾನು ಹೆಸರು ಹೇಳುವ ಮುಂಚೆ ಒಮ್ಮೆಯಾದರೂ ಮಾವ ನನ್ನ ಗುರುತು ಹಿಡಿಯಬೇಕು ಎಂಬುದು ಚಿಕ್ಕಂದಿನಿಂದ ನನ್ನ ಹಟ.

ಕಾಲುವೆಗೆ ನೀರು ಬಿಡುವ ಕೆಲಸ ಅವರದು. ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ಮಾವ ದಂಡೆಯ ಜಾಲಿಯಲ್ಲಿ ತೂಗುವ ಗೀಜಗನ ಗೂಡು, ಬೇವಿನ ಪೊಟರೆ ಕೆದಕುತ್ತ ನಡೆಯುತ್ತಿದ್ದರು. ಮರಿಗಳು ಹಾರಿಹೋದ ಗೂಡನ್ನಷ್ಟೇ ಮುಟ್ಟುವರು. ಅದನ್ನು ಮನೆಗೆ ತಂದು, ಅತ್ತೆಯ ಮೊರದಲ್ಲಿ ಜೋಳದಂತೆ ಕೇರಿದರೆ ಹುಲ್ಲು ಹಾರಿಹೋಗಿ, ಹುಳು ನೊಣವಾಗಿ ಬಲಿಯುವ, ಕಂದು ಕಾಳಿನಂಥ ಕೋಶಗಳು ಉಳಿಯುತ್ತಿದ್ದವು.

"ಇದೇ ಮೊರದಾಗ ನಾಳಿ ನಾ ಅಕ್ಕಿ ಕೇರಬೇಕ್ರಿ!" ಎಂದು ಅತ್ತೆ.

"ಕೇರು. ಅಕ್ಕ್ಯಾಗಿನ ಹುಳಾನೂ ನನಗ ಎತ್ತಿಡು!"

ಕೋಶದ ಹಿಂತುದಿಯಲ್ಲಿ ಉಸಿರಾಡುವ ಎರಡು ಚುಕ್ಕೆಗಳಿರುತ್ತವೆ. ಭೂತಗನ್ನಡಿ ಹಿಡಿದು ಅವುಗಳ ಸೀಳು ನೋಡಿಯೇ ಮಾವ ನೊಣದ ಕುಲ ಹೇಳುವರು. ನಾನೋ, ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಓದಿ ಎಲ್ಲದಕ್ಕೂ ಪುರಾವೆ ಕೇಳುವ ಆಸಾಮಿ.

"ಏನು ಗ್ಯಾರಂಟಿ ಮಾವ?"

"ಸೀಳು ಹಾವಿನಂಗ ಡೊಂಕಿದ್ರ ಮನ್ಯಾಗಿನ ನೊಣ. ಇದು ನೆಟ್ಟಗದ. ಸತ್ತ ಮರಿ ತಿಂದು ಬೆಳದ ನೀಲಿನೊಣ. ಬಾಟ್ಲಿಯಾಗ ಇಟ್ಟು ನೋಡು!"

ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿ ಕಾದೆವು. ಹೊರಬಂದದ್ದು ನೊಣವಲ್ಲ, ಸಾಸಿವೆಗಿಂತ ಸಣ್ಣ ಕಣಜಗಳ ಹಿಂಡು! ನೊಣವನ್ನು ಒಳಗೇ ತಿಂದು ಮುಗಿಸಿದ ಕಳ್ಳರು. ನಾನು ಗೆದ್ದವನಂತೆ ನಕ್ಕೆ. ಮಾವ ಜಗ್ಗಿದರೆ ತಾನೆ!

"ಮನಿ ನೀಲಿನೊಣದ್ದ ಅದ. ಒಳಗ ಕುಂತ ಬಾಡಿಗಿದಾರ ಬ್ಯಾರೆ!"

ಸುರಪುರದ ಬೀಗರು ಬಂದ ದಿನ, ಊಟವಾದ ಮೇಲೆ ಅಜವಾನದ ಡಬ್ಬಿಯೆಂದು ಯಾರೋ ಮಾವ ಕೋಶ ಕೂಡಿಡುವ ಡಬ್ಬಿ ಮುಂದಿಟ್ಟರು. ಅತ್ತೆ ಇಟ್ಟರೆಂದು ನನ್ನ ನೆನಪು. ನಮ್ಮವ್ವ ಇಟ್ಟಳೆಂದು ಅತ್ತೆ. ನನ್ನ ನೆನಪನ್ನು ನಾನೇ ನಂಬುವುದಿಲ್ಲ, ಇರಲಿ. ಬೀಗರು ಚಿಟಿಕೆ ಬಾಯಿಗೆ ಹಾಕಿದ್ದೇ ತಡ, ಮಾವ ಎದ್ದು ಕೂಗಿದರು:

"ಉಗುಳ್ರಿ ಬೀಗ್ರ! ಅದರ ಹೆಸರ ಇನ್ನೂ ಗೊತ್ತಾಗಿಲ್ಲ!"

ಆಮೇಲೆ ತಪ್ಪಾಯಿತೆಂದರೇ? ಎಲ್ಲಿ! ಉಗುಳಿದ್ದನ್ನು ಭೂತಗನ್ನಡಿಯಲ್ಲಿ ನೋಡುತ್ತ ಕುಳಿತರು.

ಈಗ ಮಾವನಿಗೆ ಮರೆವಿನ ಕಾಯಿಲೆ ಎನ್ನುತ್ತಾರೆ ಡಾಕ್ಟರು. ನೊಣಗಳ ಹೆಸರೂ ಹೋದವು. ಮೊನ್ನೆ ಅತ್ತೆ, "ನಿಮ್ಮ ಅಕ್ಕನ ಮಗ ಬಂದಾನ ನೋಡ್ರಿ" ಎಂದರೂ ಮಾವ ನನ್ನ ಮುಖ ದಿಟ್ಟಿಸಿ, "ಕರೆಂಟ್ ಬಿಲ್ಲಿನವ್ರೇನ್ರಿ?" ಎಂದರು.

"ಇನ್ನ ಅವ್ರಿಗಿ ಯಾರ ಗುರ್ತೂ ಹತ್ತಂಗಿಲ್ಲಪ್ಪ" ಎಂದರು ಅತ್ತೆ.

ಡಾಕ್ಟರು ಹೇಳಿದರೆಂದು ನಂಬಿಬಿಡುವವನೇ ನಾನು? ಪುರಾವೆ ಬೇಡವೇ! ಸಂಜೆಯವರೆಗೂ ಎದುರಿಗೇ ಕುಳಿತೆ. ಕೊನೆಗೆ ಬಸ್ಸಿಗೆ ಹೊತ್ತಾಯಿತೆಂದು ಎದ್ದು, ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆದೆ.

"ಅಳಿಯಾ, ಎಡಗಾಲ ಇನ್ನೂ ಎಳ್ಕೊಂತನ ನಡಿತೀಯಲ್ಲೊ! ಉಂಡು ಹೋಗು."

ನಾನು ತಕ್ಷಣ ತಿರುಗಲಿಲ್ಲ. ಮುಖ ಕಂಡರೆ ಮತ್ತೆ ಮರೆತಾರು ಎಂಬ ಭಯ.