ಕವಲುದಾರಿಗೆ ಅಡ್ಡ ಸೊಪ್ಪು

ಶಿರಸಿ ಪೇಟೆ ಮುಗಿದು ಕಾಡು ಶುರುವಾಗುವಲ್ಲಿಂದ ಒಂದು ಸುತ್ತು ನಡೆದು ಬರುವುದಕ್ಕೆ ನನಗೆ ಬಿದ್ದ ಖರ್ಚು ಇಷ್ಟು: ಎರಡು ಜೊತೆ ಚಪ್ಪಲಿ, ಒಂದು ಛತ್ರಿ, ಮುಳ್ಳುಕಂಟಿಗೆ ಸಿಕ್ಕಿ ಹರಿದ ಹೊಸ ಪಂಚೆ, ಮತ್ತು ಪೇಟೆಯಲ್ಲಿ ಕಷ್ಟಪಟ್ಟು ಸಂಪಾದಿಸಿದ ಮಾನ. ಯಾಕೆ ಅಂತೀರೋ? ಡಾಕ್ಟರು ನನ್ನ ಹೊಟ್ಟೆಯನ್ನು ಎರಡು ಬೆರಳಿನಿಂದ ತಟ್ಟಿ ನೋಡಿ, "ದಿನಾ ನಡೀಬೇಕು" ಅಂದುಬಿಟ್ಟರು. ನಡೆಯುವುದು ನನಗೇನು ಹೊಸತೇ? ಬಟ್ಟೆಯ ಗಂಟು ಹೆಗಲ ಮೇಲೆ ಹೊತ್ತು ಬಿಳಗಿ, ಕೋಲಸಿರ್ಸಿ ಎಂದು ಮನೆಮನೆ ತಿರುಗಿ ಸೀರೆ ಮಾರಿಯೇ ಅಂಗಡಿ ಮಾಡಿದವನು ನಾನು. ಆದರೆ ಏನನ್ನೂ ಮಾರದೆ ಸುಮ್ಮನೆ ನಡೆಯುವುದು ಹೇಗೆ? ಆ ವಿದ್ಯೆ ಬಲ್ಲವನು ಇಡೀ ಪೇಟೆಗೆ ಒಬ್ಬನೇ. ಅವನೇ ನನ್ನ ಭಾವ, ಅಕ್ಕನ ಗಂಡ.

ಕಾಡಿಗೆ ಹೋಗಿ ಬರಿಗೈಯಲ್ಲಿ ಬರುವ ಮನುಷ್ಯನನ್ನು ನೀವು ನೋಡಿದ್ದೀರಾ? ಯಾರೋ ಸೌದೆ ತರುತ್ತಾರೆ, ಯಾರೋ ಸೊಪ್ಪು ತರುತ್ತಾರೆ, ಏನೂ ಇಲ್ಲದಿದ್ದರೆ ತಪ್ಪಿಸಿಕೊಂಡ ದನವನ್ನಾದರೂ ಹೊಡೆದುಕೊಂಡು ಬರುತ್ತಾರೆ. ಭಾವ ಮಾತ್ರ ದಿನಾ ಬೆಳಿಗ್ಗೆ ಕೈಬೀಸಿಕೊಂಡು ಹೋಗಿ ಕೈಬೀಸಿಕೊಂಡೇ ಬರುತ್ತಿದ್ದ! ಅವನ ಮನೆಯ ಬೇಲಿಯ ಹತ್ತಿರ ಸೌದೆ ಹೊರೆ ಇಳಿಸಿ ಸುಧಾರಿಸಿಕೊಳ್ಳುವ ಮುದುಕಿಯೊಬ್ಬಳು ದಿನಾ ಕೇಳುವಳು, "ಒಡೆಯಾ, ಇವತ್ತೂ ಬರಿಗೈಯಾ?" ಅವನ ಜೊತೆ ಹೋದ ಮೊದಲ ದಿನವೇ ನನಗೆ ನಾಚಿಕೆಯಾಯಿತು. ಎರಡನೆಯ ದಿನದಿಂದ ನಾನು ನಾಲ್ಕು ಒಣಕಡ್ಡಿಗಳನ್ನಾದರೂ ಬಗಲಲ್ಲಿ ಇಟ್ಟುಕೊಂಡೇ ಹೊರಗೆ ಬಂದೆ.

ಭಾವ ಮೋಜಣಿದಾರ. ಮೂವತ್ತು ವರ್ಷ ಊರವರ ಹೊಲಗದ್ದೆಗಳ ಮೇಲೆ ಸರಪಳಿ ಎಳೆದು ಅಳತೆ ಮಾಡಿದವನು. ಮುಂಬಯಿ ಸರಕಾರದಲ್ಲಿ ನೌಕರಿಗೆ ಸೇರಿ ಮೈಸೂರು ಸರಕಾರದಲ್ಲಿ ನಿವೃತ್ತನಾದ. ಎರಡು ಸರಕಾರಗಳೂ ಸೇರಿ ಅವನ ಬಾಯಿಂದ "ನನ್ನದು ತಪ್ಪಾಯಿತು" ಎಂಬ ಮಾತು ಹೊರಡಿಸಲಾಗಲಿಲ್ಲ. ಅಳತೆ ತಾಳೆಯಾಗದಿದ್ದರೆ ಭೂಮಿಯೇ ಸರಿದಿದೆ ಎನ್ನುತ್ತಿದ್ದನಂತೆ! ಕಾಡಿನಲ್ಲೂ ಹಾಗೆಯೇ. ದನಗಳು ತುಳಿದು ಮಾಡಿದ ದಾರಿ ಒಂದು ಕಡೆ ಸುಮ್ಮನೆ ಬಳಸಿತ್ತೆಂದು, ಎದುರಿಗೆ ಬಂದ ಎಮ್ಮೆಯನ್ನು ನಿಲ್ಲಿಸಿ ಕೋಲಿನಿಂದ ನೇರದಾರಿ ತೋರಿಸಿದ. ಎಮ್ಮೆ ಕೇಳಿತೇ? ನನ್ನನ್ನು ಕಂಟಿಯೊಳಕ್ಕೆ ನೂಕಿ ತನ್ನ ದಾರಿಯಲ್ಲೇ ಹೋಯಿತು. ಛತ್ರಿ ಮುರಿದದ್ದು ಆವಾಗಲೇ.

ಅವನ ಇನ್ನೊಂದು ಮರುಳು ಸೊಪ್ಪು. ನಮ್ಮ ಕಡೆ ನಾಲ್ಕಾರು ಜನ ಕಾಡಿನಲ್ಲಿ ಹೋಗುವಾಗ, ಮುಂದೆ ಹೋದವರು ದಾರಿ ಕವಲೊಡೆದ ಕಡೆ ಹೋಗಬಾರದ ದಾರಿಗೆ ಹಸಿ ಸೊಪ್ಪು ಮುರಿದು ಅಡ್ಡ ಹಾಕುತ್ತಾರೆ. ಹಿಂದಿನವರು ಅದನ್ನು ನೋಡಿಕೊಂಡು ಸರಿಯಾದ ದಾರಿ ಹಿಡಿಯುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಭಾವನ ಹಿಂದೆ ನಾನೊಬ್ಬನೇ, ಅದೂ ಬೆನ್ನಿಗೆ ಅಂಟಿಕೊಂಡು!

"ಭಾವಾ, ಸೊಪ್ಪು ಯಾರಿಗೆ? ಹಿಂದೆ ಯಾರು ಬತ್ತ?" ಅಂದೆ.

"ಬಂದ್ರೆ?"

"ನಾಲ್ಕು ವರ್ಷಾತು, ಒಬ್ಬರೂ ಬೈಂದ್ವಿಲ್ಲೆ. ಆನಾಗಿದ್ರೆ ಇಂಥ ಅಂಗಡಿ ಎಂದೋ ಮುಚ್ತಿದ್ದೆ."

"ಗಿರಾಕಿ ಬೈಂದ್ವಿಲ್ಲೆ ಹೇಳಿ ಮುಚ್ಚಲೆ ಇದು ನಿನ್ನ ಸೀರೆ ಅಂಗಡಿ ಅಲ್ಲ," ಅಂದ.

ನಾಲ್ಕು ವರ್ಷದ ಲೆಕ್ಕ ನಾನು ಸುಮ್ಮನೆ ಹೇಳಿದ್ದಲ್ಲ. ಮೊದಲು ಅಕ್ಕನೂ ಅವನ ಜೊತೆ ಹೋಗುತ್ತಿದ್ದಳು. ಜೊತೆ ಅಂದರೆ ಹಿಂದೆ. ಸರಪಳಿ ಎಳೆದ ಕಾಲು ಅವನದು, ಮಂಡಿನೋವಿನ ಕಾಲು ಇವಳದು. ಒಂದು ದಿನ ಭಾವ ತಿರುಗಿ ನೋಡದೆ ಹೋಗಿಬಿಟ್ಟ, ಕವಲಿಗೆ ಸೊಪ್ಪು ಹಾಕುವುದನ್ನೂ ಮರೆತ. ಅಕ್ಕ ದನದ ದಾರಿ ಹಿಡಿದು ಸುತ್ತಿ ಸುತ್ತಿ ಮಧ್ಯಾಹ್ನದ ಹೊತ್ತಿಗೆ ಬನವಾಸಿ ರಸ್ತೆಗೆ ಬಿದ್ದಳು. ಹುಲ್ಲಿನ ಗಾಡಿಯ ಮೇಲೆ ಕೂತು ಪೇಟೆಯ ನಡುವೆ, ನನ್ನ ಅಂಗಡಿಯ ಮುಂದಿನಿಂದಲೇ ಮನೆಗೆ ಬಂದಳು. ಭಾವ ಕೇಳಿದ್ದೇನು ಗೊತ್ತೇ? "ಎಡಕ್ಕೆ ಎಂತಕ್ಕೆ ತಿರುಗಿದೆ?"

ಅಕ್ಕ ಹೇಳಿದ್ದು ಒಂದೇ ಮಾತು: "ಇನ್ನು ನಿಮ್ಮ ಹಿಂದೆ ಆನು ಒಂದು ಹೆಜ್ಜೆಯೂ ಬತ್ನಿಲ್ಲೆ."

ಮನೆಯಲ್ಲಿ ಮಾತುಕತೆ, ಊಟ, ಚಾ ಎಲ್ಲ ಎಂದಿನಂತೆಯೇ. ಬೆಳಿಗ್ಗೆ ಭಾವ ಬೇಲಿಯ ಹತ್ತಿರ ಗಳಿಗೆ ನಿಂತು, ಒಳಗೆ ನೋಡಿ, ಅವಳಿಲ್ಲದೆ ಹೊರಡುವನು. ನಾನು ಎರಡೂ ಕಡೆ ರಾಜಿ ಮಾತಾಡಿ ನೋಡಿದೆ. ಮಳೆಗಾಲದಲ್ಲಿ ಕಂಬಳಿ ಕೇಳಿ ಬಂದವರಿಗೂ ತೆಳು ಮಲ್ಲಿನ ಪಂಚೆ ಮಾರಿದವನು ನಾನು, ಈ ವ್ಯಾಪಾರ ಮಾತ್ರ ಕುದುರಲಿಲ್ಲ.

ಹೀಗಿರುವಾಗ ಚಳಿಗಾಲದ ಒಂದು ಬೆಳಿಗ್ಗೆ ಭಾವ, ಅಕ್ಕ ದಾರಿ ತಪ್ಪಿದ್ದ ಆ ಕವಲಿಗೆ ನೆಲ್ಲಿಯ ಟೊಂಗೆ ಮುರಿದು ಹಾಕಿ ಮುಂದೆ ಹೋದ. ಟೊಂಗೆಯ ತುಂಬ ಕಾಯಿ! ಇಂಥದ್ದನ್ನು ದಾರಿಗೆ ಚೆಲ್ಲುವುದೆಂದರೆ! ನಾನು ಸುಮ್ಮನೆ ಎತ್ತಿ ಬಗಲಿಗೆ ಸೇರಿಸಿದೆ. ಹೇಗೂ ಹಿಂದೆ ಯಾರೂ ಬರುವವರಿಲ್ಲವಲ್ಲ?

ದಾರಿ ಕಾಡಿನಲ್ಲಿ ಒಂದು ಸುತ್ತು ಹಾಕಿ ಇನ್ನೊಂದು ಕಡೆಯಿಂದ ಮನೆಗೆ ಬರುತ್ತದೆ. ಬಂದಾಗ ಬೇಲಿಯ ಹತ್ತಿರ ಆ ಮುದುಕಿ. "ಅಮ್ಮಾವ್ರು ಸಿಗಲಿಲ್ವಾ ಒಡೆಯಾ? ನಿಮ್ಮ ಹಿಂದೇನೇ ಹೋದ್ರು."

ಭಾವನ ಮುಖ ಸುಣ್ಣದ ಗೋಡೆಯಾಯಿತು. ಕೋಲು ಅಲ್ಲೇ ಬಿಟ್ಟು, ಬೆಳಿಗ್ಗೆ ಹೊರಟ ದಾರಿಯಲ್ಲೇ ಮತ್ತೆ ಓಡಿದ. ಅರವತ್ತರ ಮನುಷ್ಯ! ಹಿಂದೆ ನಾನು, ಬಗಲಲ್ಲಿ ನೆಲ್ಲಿಯ ಟೊಂಗೆ. ಒಂದೊಂದೇ ಕಾಯಿ ಉದುರುತ್ತಿತ್ತು, ನನ್ನ ಧೈರ್ಯವೂ ಅದರ ಜೊತೆಗೇ.

ಅಕ್ಕ ಕವಲಿನಲ್ಲೇ ಕಲ್ಲಿನ ಮೇಲೆ ಕೂತಿದ್ದಳು. ಎಡಕ್ಕೂ ಹೋಗಿರಲಿಲ್ಲ, ಬಲಕ್ಕೂ ಹೋಗಿರಲಿಲ್ಲ.

"ದಿನಾ ಸೊಪ್ಪು ಹಾಕ್ತ್ರು ಹೇಳಿ ಸೌದೆ ಅಜ್ಜಿ ಹೇಳಿತ್ತು. ಇಲ್ಲಿ ಸೊಪ್ಪು ಕಂಡಿದ್ದಿಲ್ಲೆ. ಸೊಪ್ಪು ಹಾಕದೆ ನೀವು ಮುಂದೆ ಹೋಗ್ತ್ರಿಲ್ಲೆ, ಎಲ್ಲೋ ಹಿಂದೆ ಉಳ್ದ್ರಿ ಹೇಳಿ ಕೂತ್ಕಂಡೆ," ಅಂದಳು.

ಭಾವ ಮೊದಲು ನನ್ನ ಬಗಲನ್ನು ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನ ಕಡೆ ತಿರುಗಿದ.

"ಹಾಕಲೆ ಮರ್ತೆ. ತಪ್ಪು ನಂದೇ." ಅವಳ ಹತ್ತಿರ ಹೋಗಿ, "ಅಂದೂ ನಂದೇ," ಅಂದ.

"ಇಷ್ಟು ಹೇಳಲೆ ನಾಲ್ಕು ವರ್ಷ ಬೇಕಾತಾ?" ಅಂದಳು ಅಕ್ಕ. ಬೈದದ್ದೇನೋ ಹೌದು, ಆದರೆ ಏಳುವುದಕ್ಕೆ ಕೈ ಚಾಚಿದ್ದಳು.

ಮಾಡದ ತಪ್ಪಿನ ಜೊತೆ ಸೇರಿಸಿ ಮಾಡಿದ ತಪ್ಪನ್ನೂ ಒಬ್ಬ ಒಪ್ಪಿಕೊಳ್ಳುತ್ತಿರುವಾಗ ಮೂರನೆಯವನು ನಡುವೆ ಸತ್ಯ ಹೇಳಿ ಕೆಡಿಸಬಾರದು, ಅಷ್ಟು ವ್ಯಾಪಾರ ನನಗೆ ಗೊತ್ತು. ಚಪ್ಪಲಿಯ ಉಂಗುಷ್ಟ ಕಿತ್ತಿದೆ ಎಂದು ನೆಪ ಹೇಳಿ ಹಿಂದೆ ಉಳಿದೆ. ಆ ಮಾತು ಸುಳ್ಳೂ ಆಗಿರಲಿಲ್ಲ, ನಿಜವಾಗಿಯೇ ಕಿತ್ತಿತ್ತು! ಅವರು ಹೊರಟರು. ಈ ಸಲ ಅಕ್ಕ ಮುಂದೆ, ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತಾ ಭಾವ ಹಿಂದೆ.

ಚಪ್ಪಲಿ ಕೈಯಲ್ಲಿ ಹಿಡಿದು ನಿಧಾನಕ್ಕೆ ಮುಂದಿನ ಕವಲಿಗೆ ಬಂದೆ. ತಪ್ಪು ದಾರಿಗೆ ಅಡ್ಡವಾಗಿ, ಆಗಷ್ಟೇ ಮುರಿದ ಹಸಿ ಸೊಪ್ಪು ಬಿದ್ದಿತ್ತು. ಈಗ ಹಿಂದೆ ಬರುವವನು ನಾನೊಬ್ಬನೇ.

ನೀವೂ ಕಾಡಿನಲ್ಲಿ ನಡೆಯುವುದಕ್ಕೆ ಹೊರಟರೆ ಇಷ್ಟು ನೆನಪಿಡಿ. ಹಳೇ ಚಪ್ಪಲಿ ಹಾಕಿಕೊಳ್ಳಿ, ಹೊಸ ಪಂಚೆ ಉಡಬೇಡಿ. ಎಮ್ಮೆ ಬಂದರೆ ದಾರಿ ಬಿಡಿ. ಮೆಲ್ಲಗೆ ನಡೆಯುವವರನ್ನು ಮುಂದೆ ಬಿಟ್ಟು ನೀವು ಹಿಂದೆ ಹೋಗಿ. ನೆಲ್ಲಿಕಾಯಿ ಬೇಕೆನಿಸಿದರೆ ಮರ ಹುಡುಕಿ ಕಿತ್ತುಕೊಳ್ಳಿ. ದಾರಿಗೆ ಅಡ್ಡ ಬಿದ್ದ ಸೊಪ್ಪನ್ನು ಮಾತ್ರ, ಅದರಲ್ಲಿ ಎಷ್ಟೇ ಕಾಯಿ ಇರಲಿ, ಮುಟ್ಟಬೇಡಿ.